ಕಾಶಿಗೆ ಹೋಗುವ ಲೆಕ್ಕ



ಈಗ ಸಂಸಾರವಂದಿಗರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಸರ್, ಅಪ್ಪ-ಅವ್ವನನ್ನು ಒಮ್ಮೆ ದೂರದ ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕೆಂಬ ಆಸೆ. ಕೈಯಲ್ಲಿ ಹಣ ಅಷ್ಟಕ್ಕಷ್ಟೇ. ಯೋಜನೆ ಹೇಗೆ ಹಾಕೋಣ?" ಪ್ರವಾಸದ ಕಂಪನಿಗಳ ದರಪಟ್ಟಿ ನನಗೆ ತಿಳಿಯದು. ಆದರೆ ಮೂರು ದಶಕಗಳ ಕಾಲ ಇತಿಹಾಸ ಪಾಠ ಹೇಳಿದವನಿಗೆ ಒಂದು ಸಂಗತಿ ತಿಳಿದಿದೆ. ಈ ಪ್ರಶ್ನೆ ಬಹಳ ಹಳೆಯದು, ಮತ್ತು ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಉತ್ತರಗಳೂ ಅಷ್ಟೇ ಹಳೆಯವು. ನಮ್ಮ ಸೀಮೆಯಲ್ಲಿ ಸಾಮಾನ್ಯ ಗೃಹಸ್ಥನೊಬ್ಬ ಜೀವಮಾನದಲ್ಲಿ ಕೈಗೊಳ್ಳುತ್ತಿದ್ದ ಮೊದಲ ದೂರಪ್ರಯಾಣವೆಂದರೆ ಬಹುಮಟ್ಟಿಗೆ ಕಾಶಿಯಾತ್ರೆ. ಆದುದರಿಂದ ಈ ಸಲ ಕಾಶಿಗೆ ಹೋಗುವ ಲೆಕ್ಕವನ್ನೇ ಬಿಡಿಸಿ ನೋಡೋಣ.

ಮೊದಲ ದಾಖಲೆ ಹೊಯ್ಸಳರ ಕಾಲದ್ದು. 1279ರಲ್ಲಿ ದ್ವಾರಸಮುದ್ರದಿಂದ ಆಳುತ್ತಿದ್ದ ಮೂರನೆಯ ನರಸಿಂಹನು ಹೆಬ್ಬಾಲೆ ಎಂಬ ಗ್ರಾಮದ ಉತ್ಪನ್ನವನ್ನು, ವರ್ಷಕ್ಕೆ 645 ನಿಷ್ಕಗಳನ್ನು, ಒಂದು ವಿಶೇಷ ಕಾರ್ಯಕ್ಕಾಗಿ ದತ್ತಿ ಬಿಟ್ಟನೆಂದು ಶಾಸನ ಹೇಳುತ್ತದೆ. ಕಾಶಿ ಆಗ ದೆಹಲಿಯ ಸುಲ್ತಾನರ ಆಳ್ವಿಕೆಯಲ್ಲಿತ್ತು. ಅಲ್ಲಿ ಕನ್ನಡಿಗರು, ತುಳುವರು, ತೆಲುಗರು ಮೊದಲಾದವರು ತೆರಬೇಕಾಗಿದ್ದ ತೆರಿಗೆಯನ್ನು ಈ ಹಣದಿಂದ ತುಂಬಬೇಕೆಂಬುದು ದತ್ತಿಯ ಉದ್ದೇಶ. ಕರ್ನಾಟಕದ ಒಂದು ಹಳ್ಳಿಯ ರೈತರು ಬೆಳೆದ ಫಸಲು ಗಂಗೆಯ ದಂಡೆಯಲ್ಲಿ ಮುಖ ಕಾಣದವರ ಸುಂಕವಾಗಿ ಸಂದಾಯವಾಗುತ್ತಿತ್ತು. ಈ ಶಾಸನವನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ಅಲ್ಪಧನಿಕನ ದೂರಪ್ರಯಾಣ ಎಂದೂ ಒಬ್ಬನೇ ಒಬ್ಬನ ಗಂಟಿನಿಂದ ನಡೆದುದಲ್ಲ. ಮುಂದಿನ ಏಳು ಶತಮಾನಗಳ ಕಥೆಯೂ ಇದೇ.

ರೈಲು ಬರುವ ಮುನ್ನ ಕಾಶಿಯಾತ್ರೆಯ ಖರ್ಚನ್ನು ದಿನಗಳಲ್ಲಿ ಎಣಿಸುತ್ತಿದ್ದರು. ಬೆಳಗಾವಿಯಿಂದ ಕಾಶಿಗೆ ಹಾದಿ ಹಿಡಿದು ಹೋದರೆ ಸುಮಾರು ಸಾವಿರ ಮೈಲಿ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಮೈಲಿ ನಡೆದರೂ ನೂರು ದಿನ, ಮರಳಲು ಮತ್ತೆ ನೂರು ದಿನ. ನಡುವೆ ಮಳೆಗಾಲ ಬಂದರೆ ನದಿ ಇಳಿಯುವವರೆಗೆ ಎಲ್ಲಿಯೋ ತಂಗಬೇಕು. ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯವರು 1830ರ ಮೇ ತಿಂಗಳಲ್ಲಿ ಹೊರಟು ಕಾಶಿ ನೋಡಿಕೊಂಡು ಮರಳಿದ್ದು 1831ರ ಸೆಪ್ಟೆಂಬರಿನಲ್ಲಿ. ಅವರೊಡನೆ ಸುಮಾರು ನೂರು ಜನರ ಪರಿವಾರವಿತ್ತು, ಪಲ್ಲಕ್ಕಿಯಿತ್ತು, ಡೇರೆಗಳಿದ್ದವು. ಆದರೂ ಹದಿನೈದು ತಿಂಗಳು ಹಿಡಿಯಿತು. ಅವರು ತೆಲುಗಿನಲ್ಲಿ ಬರೆದಿಟ್ಟ ದಿನಚರಿ 1838ರಲ್ಲಿ ಅಚ್ಚಾಯಿತು.

ಇಷ್ಟು ಅನುಕೂಲವಿಲ್ಲದವರು ಏನು ಮಾಡುತ್ತಿದ್ದರು? ಸಹ್ಯಾದ್ರಿಯ ಆಚೆಗಿನ ಕೊಂಕಣದಲ್ಲಿ ಪೇಣದ ಬಳಿಯ ವರಸಈ ಗ್ರಾಮದ ವಿಷ್ಣುಭಟ್ಟ ಗೋಡಸೆಯವರ ಉದಾಹರಣೆ ನಮಗಿದೆ. ಅವರು ಬಡ ವೈದಿಕರು, ಮನೆಯ ಮೇಲೆ ಸಾಲ. ಗ್ವಾಲಿಯರದ ಬಾಯಜಾಬಾಯಿ ಶಿಂದೆಯವರು ದೊಡ್ಡ ಯಜ್ಞ ಮಾಡಿಸುವರೆಂಬ ಸುದ್ದಿ ಕೇಳಿ, ದಕ್ಷಿಣೆ ದೊರೆತೀತು, ತೀರ್ಥಯಾತ್ರೆಯೂ ಆದೀತು ಎಂದು ಚಿಕ್ಕಪ್ಪನೊಡನೆ 1857ರಲ್ಲಿ ಹೊರಟರು. ಆ ವರ್ಷದ ದಂಗೆಯ ನಡುವೆ ಸಿಕ್ಕಿಬಿದ್ದರು, ಝಾನ್ಸಿಯ ಮುತ್ತಿಗೆಯನ್ನು ಕಣ್ಣಾರೆ ಕಂಡರು, ಗಳಿಸಿದ್ದನ್ನು ಕಳೆದುಕೊಂಡರು. ಕೊನೆಗೆ ಗಂಗೋದಕವನ್ನು ಹೊತ್ತು ಮನೆ ಸೇರಿದರು. ಅವರು ಮರಾಠಿಯಲ್ಲಿ ಬರೆದ 'ಮಾಝಾ ಪ್ರವಾಸ' ಅವರ ಕಾಲಾನಂತರ, 1907ರಲ್ಲಿ ಪ್ರಕಟವಾಯಿತು. ದಾರಿಯಲ್ಲೇ ದುಡಿದು ದಾರಿಯ ಖರ್ಚನ್ನು ಹೊಂದಿಸುವುದು ಬಡವನ ಒಂದು ಉಪಾಯವಾಗಿತ್ತೆಂಬುದಕ್ಕೆ ಆ ಗ್ರಂಥ ಸಾಕ್ಷಿ. ಹೊರಟವನು ಮರಳಿ ಬರುವ ಭರವಸೆ ಎಷ್ಟು ಕಡಿಮೆ ಇತ್ತೆಂಬುದಕ್ಕೂ ಅದೇ ಸಾಕ್ಷಿ.

ಉಳಿದವರು ಆಶ್ರಯಿಸುತ್ತಿದ್ದುದು ಒಂದು ದೊಡ್ಡ ವ್ಯವಸ್ಥೆಯನ್ನು. ಅದರ ಎಳೆಗಳನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲನೆಯದು ಹುಂಡಿ. ಕಳ್ಳಕಾಕರ ಭಯದ ದಾರಿಯಲ್ಲಿ ಯಾತ್ರಿಕ ನಾಣ್ಯ ಕಟ್ಟಿಕೊಂಡು ಹೋಗುತ್ತಿರಲಿಲ್ಲ. ತನ್ನೂರಿನ ಸಾಹುಕಾರನಲ್ಲಿ ಹಣವಿಟ್ಟು ಒಂದು ಚೀಟಿ ಬರೆಸಿಕೊಳ್ಳುತ್ತಿದ್ದ. ಆ ಚೀಟಿ ತೋರಿಸಿದರೆ ಕಾಶಿಯ ಪೇಟೆಯಲ್ಲಿ ಸಾಹುಕಾರನ ಬಳಕೆಯ ಅಂಗಡಿಯವನು ವಟಾವು ಹಿಡಿದುಕೊಂಡು ಹಣ ಕೊಡುತ್ತಿದ್ದ. ಎರಡನೆಯದು ತೀರ್ಥಪುರೋಹಿತರ ವಹಿ. ಕಾಶಿ, ಗಯೆ, ಪ್ರಯಾಗ, ತ್ರ್ಯಂಬಕಗಳಲ್ಲಿ ಆಯಾ ಸೀಮೆಯ ಜನರಿಗೆ ಆಯಾ ಪುರೋಹಿತರ ಮನೆತನಗಳಿದ್ದವು. ಅಜ್ಜ ಬಂದಿದ್ದಾಗ ಬರೆಸಿದ ಹೆಸರು, ಊರು, ಗೋತ್ರ ಆ ವಹಿಯಲ್ಲಿರುತ್ತಿತ್ತು. ಅದೇ ಯಾತ್ರಿಕನ ಪತ್ತು. ಕೈಯಲ್ಲಿ ಹಣ ಮುಗಿದರೆ ಪುರೋಹಿತರಲ್ಲೇ ಇಳಿದುಕೊಂಡು, ಅವರಲ್ಲೇ ಸಾಲ ಪಡೆದು ಕರ್ಮ ಮುಗಿಸಬಹುದಿತ್ತು. ಮುಂದೆ ಅವರ ಕಡೆಯವರು ಊರೂರು ತಿರುಗುತ್ತ ಬಂದು ವಸೂಲಿ ಮಾಡಿಕೊಳ್ಳುತ್ತಿದ್ದರು.

ಮೂರನೆಯದು ವಸತಿ. ವೀರಶೈವ ಯಾತ್ರಿಕರಿಗೆ ಕಾಶಿಯ ಜಂಗಮವಾಡಿ ಮಠ ಶತಮಾನಗಳಿಂದ ತವರುಮನೆಯಂತಿದೆ. ಅಕ್ಬರನೇ ಮೊದಲಾದ ಮೊಗಲ ಬಾದಶಹರು ಆ ಮಠಕ್ಕೆ ಭೂಮಿ ಬಿಟ್ಟುಕೊಟ್ಟ ಫರ್ಮಾನುಗಳು ಅಲ್ಲಿ ಇಂದಿಗೂ ಇವೆ. ಹನುಮಾನ್ ಘಾಟಿನ ಮಗ್ಗುಲಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟಿಗೆ ಕರ್ನಾಟಕ ಘಾಟ್ ಎಂದೇ ಹೆಸರು. ವಿಶ್ವನಾಥನ ಗುಡಿಯನ್ನು 1780ರ ಸುಮಾರಿಗೆ ಮತ್ತೆ ಕಟ್ಟಿಸಿದ ಅಹಲ್ಯಾಬಾಯಿ ಹೋಳಕರರು ದೇಶದ ಉದ್ದಗಲಕ್ಕೂ ಧರ್ಮಶಾಲೆ, ಬಾವಿ, ಘಾಟುಗಳನ್ನು ಕಟ್ಟಿಸಿದ್ದನ್ನು ನೀವು ಪಠ್ಯದಲ್ಲೇ ಓದಿದ್ದೀರಿ. ಇವೆಲ್ಲವೂ ಒಂದೊಂದು ಹೆಬ್ಬಾಲೆಯೇ.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಅಸ್ಪೃಶ್ಯರೆಂದು ದೂರವಿಟ್ಟ ಜನರಿಗೆ ಛತ್ರದ ಪಂಕ್ತಿಯಲ್ಲಿ ಎಲೆ ಇರಲಿಲ್ಲ, ಗುಡಿಯ ಒಳಗೆ ಪ್ರವೇಶವಿರಲಿಲ್ಲ. ಕೂಲಿಯನ್ನೇ ನಂಬಿದವನಿಗೆ ಇನ್ನೂರು ದಿನ ಮನೆ ಬಿಟ್ಟಿರುವುದು ಕನಸಿನ ಮಾತು. ಹೆಂಗಸರ ಯಾತ್ರೆ ಮನೆಯ ಗಂಡಸರ ಮನಸ್ಸಿನ ಮೇಲೆ ನಿಂತಿತ್ತು. ಹೋಗಲಾರದವರಿಗೆ ಹತ್ತಿರದಲ್ಲೇ ಕಾಶಿಯನ್ನು ಕಾಣುವ ಸಮಾಧಾನವೊಂದಿತ್ತು. ನಮ್ಮ ಬೆಳಗಾವಿಯ ಕಪಿಲೇಶ್ವರನ ಗುಡಿಯನ್ನು ದಕ್ಷಿಣ ಕಾಶಿ ಎಂದು ಕರೆಯುವುದರ ಹಿಂದೆ ಭಕ್ತಿಯ ಜೊತೆಗೆ ಬಡತನದ ನಿಟ್ಟುಸಿರೂ ಇರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ರೈಲಿನ ಕಾಲಕ್ಕೆ ಬರೋಣ. ಮುಂಬಯಿ-ಠಾಣೆ ನಡುವೆ ಮೊದಲ ಗಾಡಿ ಓಡಿದ್ದು 1853ರಲ್ಲಿ. ಮುಂಬಯಿಯಿಂದ ಜಬಲ್ಪುರ, ಅಲಹಾಬಾದುಗಳ ಮೂಲಕ ಕಲ್ಕತ್ತೆಯವರೆಗಿನ ಹಾದಿ ಕೂಡಿಕೊಂಡದ್ದು 1870ರಲ್ಲಿ. ನಮ್ಮ ಭಾಗಕ್ಕೆ ರೈಲು ತಂದದ್ದು 1876-78ರ ಭೀಕರ ಬರಗಾಲ. ಕಾಳುಕಡಿ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ ಸರ್ಕಾರ ಎಚ್ಚೆತ್ತಿತು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1887ರ ಸುಮಾರಿಗೆ ಬೆಳಗಾವಿಗೆ ಮೀಟರ್ ಗೇಜ್ ಗಾಡಿ ಬಂತು. ಖಾನಾಪುರ ತಾಲೂಕಿನ ಲೋಂಡಾ ಎಂಬ ಕಾಡಿನ ನಡುವಣ ಹಳ್ಳಿ ಗೋವೆಗೂ ಹುಬ್ಬಳ್ಳಿಗೂ ಹಾದಿ ಕವಲೊಡೆಯುವ ಜಂಕ್ಷನ್ ಆಯಿತು. ಅದೇ 1887ರಲ್ಲಿ ಅತ್ತ ಕಾಶಿಯಲ್ಲಿ ಗಂಗೆಯ ಮೇಲೆ ಡಫರಿನ್ ಸೇತುವೆ ತೆರೆಯಿತು. ಅಲ್ಲಿಯವರೆಗೆ ಆಚೆ ದಡದಲ್ಲಿ ಇಳಿದು ಹೊಳೆ ದಾಟಬೇಕಾಗಿದ್ದ ಯಾತ್ರಿಕ ಇನ್ನು ಮುಂದೆ ನೇರವಾಗಿ ಊರೊಳಗೆ ಇಳಿಯತೊಡಗಿದ.

ಈಗ ಕರಿಹಲಗೆಯ ಮೇಲೆ ಬಿಡಿಸುತ್ತಿದ್ದಂತೆ ಒಂದು ಲೆಕ್ಕ ಬಿಡಿಸುತ್ತೇನೆ. ಬೆಳಗಾವಿಯಿಂದ ಮಿರಜ, ಪುಣೆ, ಮನಮಾಡ, ಇಟಾರಸಿ, ಜಬಲ್ಪುರ, ಅಲಹಾಬಾದ ಮಾರ್ಗವಾಗಿ ಕಾಶಿಗೆ ಸುಮಾರು 1,200 ಮೈಲಿ. ಮೂರನೆಯ ದರ್ಜೆಯ ದರವನ್ನು ಮೈಲಿಗೆ 3 ಪೈ ಎಂದು ಹಿಡಿಯೋಣ. ಒಟ್ಟು 3,600 ಪೈ. ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಅಂದರೆ 18 ರೂಪಾಯಿ 12 ಆಣೆ. ಕೂಲಿಯವನಿಗೆ ದಿನಕ್ಕೆ ಮೂರು ಆಣೆ ಸಿಗುತ್ತಿತ್ತೆಂದು ಇಟ್ಟುಕೊಂಡರೆ ಇದು ಸರಿಯಾಗಿ ನೂರು ದಿನಗಳ ದುಡಿಮೆ. ನೂರು ದಿನದ ನಡಿಗೆಯ ಜಾಗದಲ್ಲಿ ನೂರು ದಿನದ ಕೂಲಿ ಬಂದು ನಿಂತಿತು. ಬಡವನಿಗೆ ಅದೇನೂ ಅಗ್ಗವಲ್ಲ. ಆದರೆ ನೂರು ದಿನದ ಕೂಲಿಯನ್ನು ಹತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಡಬಹುದು. ನೂರು ದಿನದ ನಡಿಗೆಯನ್ನು ಹಾಗೆ ಕಂತಿನಲ್ಲಿ ನಡೆಯಲು ಬರುವುದಿಲ್ಲ. ರೈಲು ತಂದ ನಿಜವಾದ ಬದಲಾವಣೆ ಇದೇ ಎಂದು ನನ್ನ ತಿಳಿವಳಿಕೆ.

ಮೂರನೆಯ ದರ್ಜೆಯ ಪ್ರವಾಸಕ್ಕೆ ಯೋಜನೆ ಹೇಗಿರಬೇಕೆಂಬುದಕ್ಕೆ ಗಾಂಧೀಜಿಯವರಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗದು. 1902ರಲ್ಲಿ ಅವರು ಕಲ್ಕತ್ತೆಯಿಂದ ರಾಜಕೋಟೆಗೆ ಹೊರಟರು. ಕಾಶಿ, ಆಗ್ರಾ, ಜೈಪುರ, ಪಾಲನಪುರಗಳಲ್ಲಿ ಒಂದೊಂದು ದಿನ ಇಳಿಯುವುದೆಂದು ಗೊತ್ತುಮಾಡಿಕೊಂಡರು. ಸಿದ್ಧತೆಯೇನು? ಹನ್ನೆರಡು ಆಣೆಯ ಕ್ಯಾನ್ವಾಸ್ ಚೀಲ, ಒರಟು ಉಣ್ಣೆಯ ಉದ್ದನೆಯ ಕೋಟು, ಒಂದು ಧೋತರ, ಅಂಗಿ, ಟವೆಲ್, ಹೊದೆಯಲು ಕಂಬಳಿ, ನೀರಿಗೊಂದು ಪಾತ್ರೆ. ಗೋಪಾಲಕೃಷ್ಣ ಗೋಖಲೆಯವರು ಲೋಹದ ಡಬ್ಬಿಯೊಂದರಲ್ಲಿ ಪೂರಿ, ಉಂಡೆ ತುಂಬಿಸಿ ಕೊಟ್ಟರು, ತಾವೇ ಸ್ಟೇಷನ್ನಿಗೆ ಬಂದು ಬೀಳ್ಕೊಟ್ಟರು. ಇಳಿದ ಊರುಗಳಲ್ಲಿ ಹೆಚ್ಚಿನ ಕಡೆ ಧರ್ಮಶಾಲೆ, ಇಲ್ಲವೆ ಪಂಡಾಗಳ ಮನೆ. ರೈಲು ಚಾರ್ಜು ಸೇರಿ ಒಟ್ಟು ಖರ್ಚು 31 ರೂಪಾಯಿಗೆ ಮೀರಲಿಲ್ಲವೆಂದು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಬ್ಯಾರಿಸ್ಟರೊಬ್ಬರು ಹಣವಿಲ್ಲದೆ ಹೀಗೆ ಹೋದುದಲ್ಲ, ಸಾಮಾನ್ಯ ಯಾತ್ರಿಕನ ಕಷ್ಟವನ್ನು ಅರಿಯಲು ಹೋದರು. ಹಾಗೆ ಅರಿತದ್ದರಿಂದಲೇ 1917ರಲ್ಲಿ ಮೂರನೆಯ ದರ್ಜೆಯ ಕೊಳಕು, ನೂಕುನುಗ್ಗಲು, ಅಪಮಾನಗಳ ಕುರಿತು ಖಾರವಾಗಿ ಬರೆದರು. ರೈಲು ಕಂಪನಿಗಳಿಗೆ ಪ್ರಯಾಣಿಕರಿಂದ ಬರುತ್ತಿದ್ದ ಆದಾಯದ ಬಹುಪಾಲು ಮೂರನೆಯ ದರ್ಜೆಯವರದು, ಸೌಕರ್ಯದ ಬಹುಪಾಲು ಮೊದಲ ದರ್ಜೆಯವರದು. ಹೀಗೆ ಬರೆದವರೇ 1924ರ ಡಿಸೆಂಬರಿನಲ್ಲಿ ನಮ್ಮ ಊರಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು.

ಮೂರನೆಯ ದರ್ಜೆ ಎಂಬ ಹೆಸರು ಅಳಿದದ್ದು 1974ರಲ್ಲಿ. ಮರದ ಹಲಗೆಗೆ ಮೆತ್ತೆ ಬಂದದ್ದು ಅದರ ನಂತರ, 1977ರಿಂದ 79ರವರೆಗೆ ರೈಲ್ವೆ ಮಂತ್ರಿಯಾಗಿದ್ದ, ನಮ್ಮ ನೆರೆಯ ಕೊಂಕಣದ ರಾಜಾಪುರ ಕ್ಷೇತ್ರದ ಮಧು ದಂಡವತೆಯವರ ಕಾಲದಲ್ಲಿ. 1978ರ ಬೇಸಿಗೆ ರಜೆಯಲ್ಲಿ ನಾವು ನಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಹೋದ ಗಾಡಿಗೆ ಆ ಮೆತ್ತೆ ಇನ್ನೂ ತಲಪಿರಲಿಲ್ಲ. ಮೀಟರ್ ಗೇಜಿನಿಂದ ಇಳಿದು ಮಿರಜಿನಲ್ಲಿ ಟ್ರಂಕು, ಹೋಲ್ಡಾಲುಗಳೊಡನೆ ಬ್ರಾಡ್ ಗೇಜಿನ ಗಾಡಿಗೆ ಓಡುವುದು 1990ರ ದಶಕದವರೆಗೂ ಬೆಳಗಾವಿಯವರ ಹಣೆಬರಹವಾಗಿತ್ತು. ಟಿಕೆಟ್ಟಿನ ಹಣ ಮನೆಯಾಕೆ ಹಾಕಿದ್ದ ಭಿಶಿಯಿಂದ ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅವಲಕ್ಕಿ ಮನೆಯಿಂದ ಹೊರಟವು. ಓಣಿಯ ಆರೇಳು ಮನೆಯವರು ತಮ್ಮ ಹೆಸರಿನಲ್ಲಿ ಅರ್ಚನೆ ಮಾಡಿಸಲೆಂದು ಎರಡು, ಐದು ರೂಪಾಯಿ ಕೈಗಿತ್ತರು. ಮರಳಿದ ಮೇಲೆ ಗಂಗಾ ಸಮಾರಾಧನೆಯ ಊಟ, ಮನೆಮನೆಗೆ ತಾಮ್ರದ ಗಿಂಡಿಯ ಗಂಗಾಜಲ. ಹೊರಡುವ ಮುನ್ನವೇ ಆ ಊಟದ ಅಕ್ಕಿ, ಬೆಲ್ಲದ ಹಣ ಬೇರೆ ಎತ್ತಿಡಬೇಕೆಂದು ನಮ್ಮ ತಾಯಿಯವರು ಕಟ್ಟುನಿಟ್ಟಾಗಿ ಹೇಳಿದ್ದರು. ಯಾತ್ರೆಯ ಲೆಕ್ಕ ಮನೆಗೆ ಬಂದ ಮೇಲೂ ನಡೆಯುತ್ತದೆ ಎಂಬ ವಿವೇಕ ಅದು.

ಕಾಶಿಯೊಂದರ ಮಾತೇ ಇದಲ್ಲ. ನಮ್ಮೂರಿನ ಮುಸಲ್ಮಾನ ಬಾಂಧವರ ಹಜ್ ಯಾತ್ರೆಯ ಕಥೆಯೂ ಇದೇ ಬಗೆಯದು. 1877ರಲ್ಲಿ ಹುಟ್ಟಿದ ಮೊಗಲ್ ಲೈನ್ ಕಂಪನಿಯ ಹಡಗುಗಳು ಮುಂಬಯಿಯಿಂದ ಜಿದ್ದಾಕ್ಕೆ ಯಾತ್ರಿಕರನ್ನು ಒಯ್ಯುತ್ತಿದ್ದವು. ಬೆಳಗಾವಿಯ ಸ್ಟೇಷನ್ನಿನಲ್ಲಿ ಓಣಿಯೇ ನೆರೆದು ಹಾರ ಹಾಕಿ ಅವರನ್ನು ಬೀಳ್ಕೊಡುವುದನ್ನು ನಾನು ನೋಡಿದ್ದೇನೆ. ಮುಂಬಯಿಯಲ್ಲಿ ಹಡಗಿಗಾಗಿ ಕಾಯುವಾಗ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯ ಆಸರೆ. ಹಡಗಿನ ಯಾತ್ರೆ 1995ರಲ್ಲಿ ನಿಂತಿತು. ವಿಮಾನದ ದರಕ್ಕೆ ಸರ್ಕಾರ ಕೊಡುತ್ತಿದ್ದ ಸಹಾಯಧನ 2018ರಲ್ಲಿ ಕೊನೆಗೊಂಡಿತು. ಅಲ್ಲಿಯೂ ಹಾಗೆಯೇ, ಜೀವಮಾನದ ಉಳಿತಾಯದ ಜೊತೆಗೆ ನಾಲ್ಕು ಜನರ ಕೈ ಸೇರಿದಾಗಲೇ ಪಯಣ ಕೈಗೂಡುತ್ತಿತ್ತು.

ಸಮುದ್ರದಾಚೆಯ ಪ್ರವಾಸ ಸಾಮಾನ್ಯ ಕನ್ನಡಿಗನ ಬಾಳಿಗೆ ಬಂದದ್ದು ಮಕ್ಕಳ ನೌಕರಿಯ ಹಿಂದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕಕ್ಕೆ ಹೋಗಿಬಂದು 1979ರಲ್ಲಿ ಪ್ರಕಟಿಸಿದ 'ಅಮೆರಿಕದಲ್ಲಿ ಗೊರೂರು' ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. 1960ರ ದಶಕದಲ್ಲಿ ಓದಲು ಹೊರಟ ಹುಡುಗರು ಎಂಟು ಡಾಲರು ಮಾತ್ರ ಕೈಯಲ್ಲಿ ಹಿಡಿದು ವಿಮಾನ ಹತ್ತುತ್ತಿದ್ದರು, ಏಕೆಂದರೆ ದೇಶದ ಬೊಕ್ಕಸದಲ್ಲಿ ವಿದೇಶಿ ಹಣ ಅಷ್ಟು ವಿರಳ. 2004ರಲ್ಲಿ ರಿಸರ್ವ್ ಬ್ಯಾಂಕು ವರ್ಷಕ್ಕೆ 25,000 ಡಾಲರಿನವರೆಗೆ ಹೊರಗೆ ಕಳಿಸಲು ಅನುಮತಿಸಿತು. 2015ರಲ್ಲಿ ಆ ಮಿತಿ 2,50,000ಕ್ಕೆ ಏರಿತು. ನಿಯಮದ ಬೇಲಿ ದೂರ ಸರಿಯಿತು, ಕಿಸೆಯ ಬೇಲಿ ಇದ್ದಲ್ಲೇ ಇದೆ.

ಮರಳಿ ಕಾಶಿಗೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ 'ಕರ್ನಾಟಕ ಭಾರತ್ ಗೌರವ್ ಕಾಶಿ ದರ್ಶನ' ರೈಲು ಮೊದಲ ಬಾರಿಗೆ ಹೊರಟಿತು. ಹುಬ್ಬಳ್ಳಿಯ ಮೇಲೆ ಹಾಯ್ದು ಬೆಳಗಾವಿಯಲ್ಲೂ ಯಾತ್ರಿಕರನ್ನು ಹತ್ತಿಸಿಕೊಂಡಿತು. ಕಾಶಿ, ಅಯೋಧ್ಯೆ, ಪ್ರಯಾಗಗಳ ಎಂಟು ದಿನದ ಯಾತ್ರೆಗೆ ಊಟ, ವಸತಿ ಸೇರಿ 20,000 ರೂಪಾಯಿ. ಅದರಲ್ಲಿ 5,000 ರೂಪಾಯಿ ರಾಜ್ಯ ಸರ್ಕಾರದ್ದು, 15,000 ಯಾತ್ರಿಕನದು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 309 ರೂಪಾಯಿ. ಭಾಗಿಸಿ ನೋಡಿ: ಸುಮಾರು 49 ದಿನಗಳ ಕೂಲಿ. ಅದೂ ಹೋಗಿಬರುವುದಕ್ಕೆ, ಊಟ ವಸತಿ ಸಮೇತ. ಹೆಬ್ಬಾಲೆಯ 645 ನಿಷ್ಕಗಳಿಗೂ ಈ 5,000 ರೂಪಾಯಿಗೂ ನಡುವೆ 743 ವರ್ಷಗಳ ಅಂತರ. ಪ್ರಜೆಗಳ ಯಾತ್ರೆಗೆ ಸರ್ಕಾರ ಹಣ ಕೊಡಬೇಕೇ ಬೇಡವೇ ಎಂದು ವಾದಿಸುವವರು ಎರಡೂ ಕಡೆ ಇದ್ದಾರೆ, ಅವರ ವಾದಗಳಿಗೆ ಬೆಲೆಯೂ ಇದೆ. ಆದರೆ ಈ ಪದ್ಧತಿ ನಿನ್ನೆ ಮೊನ್ನೆಯದೆಂದು ಯಾರೂ ಹೇಳಲಾಗದು.

ಹಾಗಾದರೆ ದೂರಪ್ರಯಾಣ ಸುಲಭವಾಯಿತೇ? ಹಣದ ಲೆಕ್ಕದಲ್ಲಿ ಹೌದು. ಆದರೆ ಹಳೆಯ ಎಳೆಗಳು ಕೆಲವು ಸಡಿಲವಾಗಿವೆ. 60 ದಾಟಿದ ಗಂಡಸರಿಗೆ ಶೇಕಡ 40, 58 ದಾಟಿದ ಹೆಂಗಸರಿಗೆ ಶೇಕಡ 50 ಇದ್ದ ರೈಲು ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಇತ್ತ 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಯಾರ ಕೈಯನ್ನೂ ನೋಡದೆ ಧರ್ಮಸ್ಥಳದ ದಾರಿ ಹಿಡಿದರು. ಇಷ್ಟಾದರೂ ಮನೆಯ ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುವ ಮಾತು, "ನನಗ್ಯಾಕಪ್ಪಾ ಅಷ್ಟು ದೂರ, ನೀವು ಹೋಗಿಬರ್ರಿ" ಎಂಬುದು. ಆ ಮಾತನ್ನು ಪೂರ್ತಿ ನಂಬಬೇಡಿ. ಖರ್ಚು ಮಕ್ಕಳ ಮೇಲೆ ಬೀಳುವುದೆಂಬ ಸಂಕೋಚ ಅದರಲ್ಲಿ ಅರ್ಧಪಾಲು ಇರುತ್ತದೆ. ಹಿಂದೆ ಓಣಿಯ ಎಲ್ಲರ ಐದೈದು ರೂಪಾಯಿ ಕೈಗೆ ಬಂದಾಗ ಆ ಸಂಕೋಚ ತಾನಾಗಿ ಕರಗುತ್ತಿತ್ತು.

ಆದುದರಿಂದ ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ಮೊದಲು ದಿನಗಳನ್ನು ಗೊತ್ತುಮಾಡಿ, ಆಮೇಲೆ ಹಣವನ್ನು. ಜಾತ್ರೆ, ಹಬ್ಬದ ನೂಕುನುಗ್ಗಲಿನ ತಿಂಗಳನ್ನು ಬಿಟ್ಟು ಹೊರಡಿ. ಒಂದೇ ಸಲಕ್ಕೆ ದೂರದ ಟಿಕೆಟ್ ತೆಗೆಸಿ ನಡುವೆ ಇಳಿಯುತ್ತ ಹೋಗುವ ವರ್ತುಲ ಪ್ರಯಾಣದ ಟಿಕೆಟ್ಟನ್ನು ಸ್ಟೇಷನ್ನಿನಲ್ಲಿ ವಿಚಾರಿಸಿ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದು ರೈಲಿನ ಹಳೆಯ ಪದ್ಧತಿ. ಮಠ, ಛತ್ರ, ಧರ್ಮಶಾಲೆಗಳಿಗೆ ಮುಂಚಿತವಾಗಿ ಪತ್ರ ಬರೆಯಿರಿ ಅಥವಾ ಫೋನ್ ಮಾಡಿ. ಒಟ್ಟು ಹಣದ ಒಂದು ಪಾಲನ್ನು ಮರಳಿ ಬಂದ ಮೇಲಿನ ತಿಂಗಳಿಗೆಂದು ಮುಟ್ಟದೆ ಇಡಿ. ಸಾಲ ಮಾಡಿ ಹೋಗಬೇಡಿ, ಕಾಶಿಯ ಪುರೋಹಿತರಷ್ಟು ತಾಳ್ಮೆ ಇಂದಿನ ಸಾಲಗಾರರಿಗಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಹಿರಿಯರ ಪಾಲನ್ನು ಹಂಚಿಕೊಳ್ಳಿ. ಒಬ್ಬರೇ ಎಲ್ಲವನ್ನೂ ಹೊರುವುದು ದೊಡ್ಡಸ್ತಿಕೆಯಂತೆ ಕಂಡರೂ ಪದ್ಧತಿಯಲ್ಲ. ಸಾಧ್ಯವಾದರೆ ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬರುವ ಅಜ್ಜಿಯೋ, ಓಣಿಯ ಒಂಟಿ ಹಿರಿಯರೋ ಹೊರಟಾಗ ನೀವೂ ನಿಮ್ಮ ಪಾಲಿನ ನಿಷ್ಕವನ್ನು ಹಾಕಿ.

ಕೊನೆಯದಾಗಿ ಒಂದು ಬೇಡಿಕೆ. ರಾಜರ ದತ್ತಿಗೆ ಶಾಸನವಿದೆ, ದೊಡ್ಡವರ ಯಾತ್ರೆಗೆ ಅಚ್ಚಾದ ಗ್ರಂಥವಿದೆ. ಬೆಳಗಾವಿ, ಖಾನಾಪುರ ಸೀಮೆಯ ಸಾಮಾನ್ಯ ಗೃಹಸ್ಥರ ಯಾತ್ರೆಯ ಇತಿಹಾಸ ಮಾತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿ, ಖರ್ಚಿನ ವಹಿಯಲ್ಲಿ, ದಾರಿಯಿಂದ ಬರೆದ ಪೋಸ್ಟ್ ಕಾರ್ಡಿನಲ್ಲಿ ಮಲಗಿದೆ. ನಿಮ್ಮ ಅಜ್ಜ-ಅಜ್ಜಿಯರು ಬರೆದಿಟ್ಟ ಅಂಥ ಹಾಳೆ ಸಿಕ್ಕರೆ ರದ್ದಿಗೆ ಹಾಕಬೇಡಿ. ಅದರಲ್ಲಿರುವ "ಟಾಂಗಾ 4 ಆಣೆ, ಹಾಲು 1 ಆಣೆ" ಎಂಬ ಸಾಲು ಕೂಡ ಇತಿಹಾಸವೇ. ಒಂದು ಪ್ರತಿ ನನಗೂ ಕಳಿಸಿದರೆ ಉಪಕಾರವಾಗುತ್ತದೆ.

ಎಲ್ಲರಿಗೂ ಶುಭವಾಗಲಿ.

ರಾಮತೀರ್ಥ ನಗರ, ಬೆಳಗಾವಿ